ಮಾರಾಟವಾಗದ ಎರಡು ಸಾವಿರ ಪೆಟ್ಟಿಗೆಗಳು: ಗುನ್‌ಪೇ ಯೊಕೊಯಿ ಅವರ ಜೀವನ



ಮಾಲ್‌ಗಳಲ್ಲಿ ಟೋಕನ್ ಹಾಕಿ, ನಿಂತುಕೊಂಡೇ ಆಡುವ ದೊಡ್ಡ ವಿಡಿಯೋ ಗೇಮ್ ಪೆಟ್ಟಿಗೆಯನ್ನು ನೀವು ನೋಡಿರುತ್ತೀರಿ. ಅದಕ್ಕೆ ಆರ್ಕೇಡ್ ಕ್ಯಾಬಿನೆಟ್ ಎಂದು ಹೆಸರು. ಅಮೆರಿಕದ ಆರ್ಕೇಡ್‌ಒನ್‌ಅಪ್ ಎಂಬ ಕಂಪನಿ 2018ರಲ್ಲಿ ಇದರ ಸಣ್ಣ ರೂಪವನ್ನು ಮನೆಗಳಿಗೆಂದೇ ಮಾರಲು ಶುರು ಮಾಡಿತು. ಸುಮಾರು ನಾಲ್ಕು ಅಡಿ ಎತ್ತರದ ಈ ಪೆಟ್ಟಿಗೆಯಲ್ಲಿ ಕಂಪನಿ ಹಾಕಿಕೊಟ್ಟ ಕೆಲವೇ ಆಟಗಳು ಇರುತ್ತವೆ. ಕೆಲವು ತಿಂಗಳಲ್ಲಿ ಅವು ಬೇಸರವಾಗುತ್ತವೆ. ಆಗ ಕೆಲವರು ಪೆಟ್ಟಿಗೆಯನ್ನು ಮೂಲೆಗೆ ತಳ್ಳುತ್ತಾರೆ. ಇನ್ನು ಕೆಲವರು ಸ್ಕ್ರೂಡ್ರೈವರ್ ತೆಗೆದುಕೊಂಡು ಅದರ ಹಿಂಬದಿಯ ಹಲಗೆಯನ್ನು ಬಿಚ್ಚುತ್ತಾರೆ.

ಬಿಚ್ಚಿದವರು ಮಾಡುವ ಕೆಲಸ ಹೀಗಿರುತ್ತದೆ. ಮರದ ಪೆಟ್ಟಿಗೆ, ಪರದೆ, ಸ್ಪೀಕರ್, ಜಾಯ್‌ಸ್ಟಿಕ್ ಎಲ್ಲವನ್ನೂ ಹಾಗೆಯೇ ಇಟ್ಟುಕೊಳ್ಳುತ್ತಾರೆ. ಒಳಗಿರುವ ಚಿಕ್ಕ ಸರ್ಕ್ಯೂಟ್ ಬೋರ್ಡನ್ನು ಮಾತ್ರ ತೆಗೆದು ಆ ಜಾಗದಲ್ಲಿ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಇಡುತ್ತಾರೆ. ಪರದೆಗೆ ಒಂದು ಕಂಟ್ರೋಲರ್ ಬೋರ್ಡ್, ಬಟನ್‌ಗಳಿಗೆ ಒಂದು ಯುಎಸ್‌ಬಿ ಎನ್‌ಕೋಡರ್ ಜೋಡಿಸುತ್ತಾರೆ. ನಂತರ ಎಮ್ಯುಲೇಟರ್ ಎಂಬ ತಂತ್ರಾಂಶ ಹಾಕುತ್ತಾರೆ. ಒಂದು ಯಂತ್ರವನ್ನು ಇನ್ನೊಂದು ಯಂತ್ರದ ಹಾಗೆ ನಡೆದುಕೊಳ್ಳುವಂತೆ ಮಾಡುವ ತಂತ್ರಾಂಶ ಅದು. ಅಲ್ಲಿಗೆ ಎರಡು ಮೂರು ಆಟಗಳ ಪೆಟ್ಟಿಗೆ ಬೇರೆ ಬೇರೆ ಕಂಪನಿಗಳ ಹತ್ತಾರು ಹಳೆಯ ಗೇಮ್ ಯಂತ್ರಗಳ ಕೆಲಸವನ್ನು ಮಾಡತೊಡಗುತ್ತದೆ.

ಇದು ಈಗಿನ ಹುಡುಗರ ಹೊಸ ಹುಚ್ಚು ಎಂದು ಅನೇಕರು ಅಂದುಕೊಂಡಿದ್ದಾರೆ. ಆದರೆ ಪೆಟ್ಟಿಗೆ ಅದೇ, ಆಟ ಬೇರೆ ಎಂಬ ಈ ಕೆಲಸ 1981ರಲ್ಲಿಯೇ ನಡೆದಿತ್ತು. ಆಗ ಅದು ಹವ್ಯಾಸವಾಗಿರಲಿಲ್ಲ, ಒಂದು ಕಂಪನಿಯ ಅಳಿವು ಉಳಿವಿನ ಪ್ರಶ್ನೆಯಾಗಿತ್ತು. ಆ ಕೆಲಸದ ಮೇಲ್ವಿಚಾರಣೆ ವಹಿಸಿದ್ದವರು ಜಪಾನಿನ ಗುನ್‌ಪೇ ಯೊಕೊಯಿ. ಅವರ ಜೀವನವನ್ನು ಇಲ್ಲಿ ಸಂಕ್ಷಿಪ್ತವಾಗಿ ಪರಿಚಯಿಸುತ್ತೇನೆ.

ಯೊಕೊಯಿ ಅವರು 1941ರ ಸೆಪ್ಟೆಂಬರ್ 10ರಂದು ಜಪಾನಿನ ಕ್ಯೋಟೊ ನಗರದಲ್ಲಿ ಜನಿಸಿದರು. ಅಲ್ಲಿನ ದೋಶಿಶಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿದರು. ಅವರು ತರಗತಿಗೆ ಮೊದಲಿಗರೇನೂ ಆಗಿರಲಿಲ್ಲ. ದೊಡ್ಡ ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಗಳಿಗೆ ಅರ್ಜಿ ಹಾಕಿದರೂ ಕೆಲಸ ಸಿಗಲಿಲ್ಲ. ಕೊನೆಗೆ 1965ರಲ್ಲಿ ತಮ್ಮ ಊರಿನಲ್ಲೇ ಇದ್ದ ನಿಂಟೆಂಡೊ ಎಂಬ ಕಂಪನಿಯನ್ನು ಸೇರಿದರು. ಇಂದು ನಿಂಟೆಂಡೊ ಎಂದರೆ ವಿಡಿಯೋ ಗೇಮ್. ಆದರೆ 1889ರಲ್ಲಿ ಶುರುವಾದ ಆ ಕಂಪನಿ ಆಗ ಮುಖ್ಯವಾಗಿ ಆಟದ ಎಲೆಗಳನ್ನು ತಯಾರಿಸುತ್ತಿತ್ತು. ಎಲೆ ತಯಾರಿಸುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದೇ ಯೊಕೊಯಿ ಅವರ ಕೆಲಸವಾಗಿತ್ತು.

ಯಂತ್ರಗಳು ಸರಿಯಾಗಿ ಓಡುತ್ತಿದ್ದಾಗ ಅವರಿಗೆ ಬೇರೆ ಕೆಲಸ ಇರುತ್ತಿರಲಿಲ್ಲ. ಬಿಡುವಿನಲ್ಲಿ ಅವರು ಪಟ್ಟಿಗಳನ್ನು ಕತ್ತರಿಯಂತೆ ಒಂದಕ್ಕೊಂದು ಜೋಡಿಸಿ, ಹಿಡಿಯನ್ನು ಒತ್ತಿದರೆ ಮುಂದಕ್ಕೆ ಚಾಚಿಕೊಂಡು ದೂರದ ವಸ್ತುವನ್ನು ಹಿಡಿಯುವ ಒಂದು ಕೈಯನ್ನು ಮಾಡಿಕೊಂಡಿದ್ದರು. ಕಾರ್ಖಾನೆಗೆ ಬಂದ ಕಂಪನಿಯ ಅಧ್ಯಕ್ಷ ಹಿರೋಶಿ ಯಮೌಚಿ ಅದನ್ನು ನೋಡಿದರು. ಕೆಲಸದ ಹೊತ್ತಿನಲ್ಲಿ ಆಟವಾಡಿದ್ದಕ್ಕೆ ಬೈಯುವ ಬದಲು, ಅದನ್ನೇ ಆಟಿಕೆಯಾಗಿ ಮಾಡಿಕೊಡಲು ಹೇಳಿದರು. 1966ರಲ್ಲಿ ಅಲ್ಟ್ರಾ ಹ್ಯಾಂಡ್ ಎಂಬ ಹೆಸರಿನಲ್ಲಿ ಬಂದ ಆ ಆಟಿಕೆ 12 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಯಂತ್ರ ರಿಪೇರಿಯವರು ಹೀಗೆ ಆಟಿಕೆ ವಿನ್ಯಾಸಕಾರರಾದರು.

ಯೊಕೊಯಿ ಅವರ ದಾರಿ ಉಳಿದ ಎಂಜಿನಿಯರುಗಳದ್ದಕ್ಕಿಂತ ಬೇರೆಯಾಗಿತ್ತು. ಹೊಸದಾಗಿ ಬಂದ ದುಬಾರಿ ತಂತ್ರಜ್ಞಾನದ ಹಿಂದೆ ಅವರು ಓಡಲಿಲ್ಲ. ಎಲ್ಲರೂ ಬಳಸಿ ಹಳೆಯದಾದ, ಬೆಲೆ ಇಳಿದ, ತೊಂದರೆಗಳೆಲ್ಲ ಗೊತ್ತಿರುವ ತಂತ್ರಜ್ಞಾನವನ್ನು ತೆಗೆದುಕೊಂಡು ಯಾರೂ ಯೋಚಿಸದ ಕೆಲಸಕ್ಕೆ ಹಚ್ಚುವುದು ಅವರ ವಿಧಾನ. ಇದಕ್ಕೆ ಒಂದು ಉದಾಹರಣೆ 1972ರ ಲೆಫ್ಟಿ ಆರ್‌ಎಕ್ಸ್ ಎಂಬ ರಿಮೋಟ್ ಕಾರು. ಆಗ ರಿಮೋಟ್ ಕಾರುಗಳು ತುಂಬ ದುಬಾರಿ. ಯೊಕೊಯಿ ಅವರ ಕಾರು ನೇರವಾಗಿ ಹೋಗುತ್ತಿತ್ತು, ಎಡಕ್ಕೆ ಮಾತ್ರ ತಿರುಗುತ್ತಿತ್ತು. ಬಲಕ್ಕೆ ತಿರುಗುವ ವ್ಯವಸ್ಥೆಯನ್ನೇ ತೆಗೆದುಹಾಕಿದ್ದರಿಂದ ಖರ್ಚು ಬಹಳ ಕಡಿಮೆಯಾಯಿತು. ರೇಸ್ ಟ್ರ್ಯಾಕಿನಲ್ಲಿ ಸುತ್ತುವುದಕ್ಕೆ ಎಡಕ್ಕೆ ತಿರುಗಿದರೆ ಸಾಕಲ್ಲವೇ!

ಇನ್ನೊಂದು ಉದಾಹರಣೆ 1973ರದ್ದು. ಜಪಾನಿನಲ್ಲಿ ಬೌಲಿಂಗ್ ಆಟದ ಹುಚ್ಚು ಇಳಿದು, ಕಟ್ಟಿದ್ದ ದೊಡ್ಡ ದೊಡ್ಡ ಬೌಲಿಂಗ್ ಹಾಲ್‌ಗಳು ಖಾಲಿ ಬಿದ್ದಿದ್ದವು. ನಿಂಟೆಂಡೊ ಆ ಹಾಲ್‌ಗಳಲ್ಲಿ ಬೆಳಕಿನ ಬಂದೂಕಿನಿಂದ ಗುರಿ ಹೊಡೆಯುವ ಆಟವನ್ನು ಕೂರಿಸಿತು. ಅದರ ಹಿಂದೆ ಇದ್ದವರೂ ಯೊಕೊಯಿ ಅವರೇ. ಜನ ಬಂದರು, ಆರ್ಡರ್‌ಗಳೂ ಬಂದವು. ಆದರೆ ಅದೇ ವರ್ಷ ತೈಲ ಬಿಕ್ಕಟ್ಟು ಶುರುವಾಗಿ ಆರ್ಡರ್‌ಗಳು ರದ್ದಾದವು. ಕಂಪನಿ ಸಾಲದಲ್ಲಿ ಮುಳುಗಿತು. ಒಳ್ಳೆಯ ಯೋಚನೆ ಇದ್ದ ಮಾತ್ರಕ್ಕೆ ಲಾಭ ಬರುವುದಿಲ್ಲ ಎಂಬುದಕ್ಕೆ ವಾಣಿಜ್ಯ ವಿದ್ಯಾರ್ಥಿಗಳಾದ ನಮಗೆ ಇದು ಒಳ್ಳೆಯ ಪಾಠ.

ಕಂಪನಿಯನ್ನು ಮೇಲೆತ್ತಿದ್ದು ಕ್ಯಾಲ್ಕುಲೇಟರ್ ಎನ್ನಬಹುದು. ಒಮ್ಮೆ ಬುಲೆಟ್ ರೈಲಿನಲ್ಲಿ ಹೋಗುತ್ತಿದ್ದಾಗ, ಬೇಸರಗೊಂಡ ಪ್ರಯಾಣಿಕರೊಬ್ಬರು ಹೊತ್ತು ಕಳೆಯಲು ಕ್ಯಾಲ್ಕುಲೇಟರ್ ಬಟನ್‌ಗಳನ್ನು ಸುಮ್ಮನೆ ಒತ್ತುತ್ತಿದ್ದುದು ಯೊಕೊಯಿ ಅವರ ಕಣ್ಣಿಗೆ ಬಿತ್ತು. ಇಷ್ಟೇ ದೊಡ್ಡದಾದ ಒಂದು ಆಟದ ಯಂತ್ರ ಇದ್ದರೆ ಹೇಗೆ ಎಂಬ ಯೋಚನೆ ಬಂತು. ಮುಂದೊಂದು ದಿನ ಅಧ್ಯಕ್ಷರ ಡ್ರೈವರ್ ಬರಲಾಗದೆ ಯೊಕೊಯಿ ಅವರೇ ಕಾರು ಓಡಿಸಬೇಕಾಯಿತು. ದಾರಿಯಲ್ಲಿ ಈ ವಿಷಯ ಹೇಳಿದರು. ಅಧ್ಯಕ್ಷರು ಆ ದಿನದ ಸಭೆಯಲ್ಲಿ ಶಾರ್ಪ್ ಕಂಪನಿಯ ಮುಖ್ಯಸ್ಥರ ಜೊತೆ ಇದನ್ನು ಪ್ರಸ್ತಾಪಿಸಿದರು. ಕಂಪನಿಗಳ ಪೈಪೋಟಿಯಿಂದ ಕ್ಯಾಲ್ಕುಲೇಟರ್ ಪರದೆಗಳ ಬೆಲೆ ಆಗ ಇಳಿದಿತ್ತು. 1980ರಲ್ಲಿ ಗೇಮ್ ಆ್ಯಂಡ್ ವಾಚ್ ಬಂತು. ಆ ಸರಣಿಯ ಯಂತ್ರಗಳು ಒಟ್ಟು 4 ಕೋಟಿಗೂ ಹೆಚ್ಚು ಮಾರಾಟವಾದವು.

ಈಗ ಪೆಟ್ಟಿಗೆಗಳ ವಿಷಯಕ್ಕೆ ಬರೋಣ. ಅದೇ ಸಮಯದಲ್ಲಿ ನಿಂಟೆಂಡೊ ಅಮೆರಿಕದಲ್ಲಿ ಶಾಖೆ ತೆರೆದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಯಮೌಚಿ ಅವರ ಅಳಿಯ ಮಿನೊರು ಅರಕಾವಾ. ಅವರು ರಾಡಾರ್ ಸ್ಕೋಪ್ ಎಂಬ ಬಾಹ್ಯಾಕಾಶ ಯುದ್ಧದ ಆಟದ 3,000 ಆರ್ಕೇಡ್ ಪೆಟ್ಟಿಗೆಗಳನ್ನು ಜಪಾನಿನಿಂದ ತರಿಸಿದರು. ಹಡಗಿನಲ್ಲಿ ಬರುವಷ್ಟರಲ್ಲಿ ತಿಂಗಳುಗಳೇ ಕಳೆದು ಆ ಆಟದ ಆಕರ್ಷಣೆ ಮುಗಿದಿತ್ತು. ಸುಮಾರು 1,000 ಪೆಟ್ಟಿಗೆ ಮಾರಾಟವಾದವು. ಉಳಿದ 2,000 ಗೋದಾಮಿನಲ್ಲಿ ಉಳಿದುಕೊಂಡವು.

ನಮ್ಮ ಲೆಕ್ಕಶಾಸ್ತ್ರದ ಪಾಠ ನೆನಪಿಸಿಕೊಳ್ಳಿ. ಕ್ಲೋಸಿಂಗ್ ಸ್ಟಾಕನ್ನು ಕೊಂಡ ಬೆಲೆ ಅಥವಾ ಮಾರಿದರೆ ಬರುವ ಬೆಲೆ, ಇವುಗಳಲ್ಲಿ ಯಾವುದು ಕಡಿಮೆಯೋ ಅದಕ್ಕೆ ಬರೆಯಬೇಕು. ಕೊಳ್ಳುವವರೇ ಇಲ್ಲದ 2,000 ಪೆಟ್ಟಿಗೆಗಳಿಗೆ ಯಾವ ಬೆಲೆ ಬರೆಯುವುದು? ಹಣವೆಲ್ಲ ಅದರಲ್ಲೇ ಸಿಕ್ಕಿಹಾಕಿಕೊಂಡಿತ್ತು. ಅಮೆರಿಕದ ಶಾಖೆ ಮುಚ್ಚುವ ಸ್ಥಿತಿಗೆ ಬಂದಿತ್ತು.

ಆಗ ಬಂದ ಪರಿಹಾರವೇ, ಪೆಟ್ಟಿಗೆ ಬದಲಿಸದೆ ಆಟ ಬದಲಿಸುವುದು. ಹೊಸ ಆಟ ಯೋಚಿಸುವ ಕೆಲಸ ಶಿಗೆರು ಮಿಯಾಮೊಟೊ ಎಂಬ ಯುವ ಚಿತ್ರಕಾರನಿಗೆ ಬಂತು. ಅವರ ಮೇಲ್ವಿಚಾರಣೆಗೆ ಅನುಭವಿ ಯೊಕೊಯಿ ಅವರನ್ನು ನೇಮಿಸಲಾಯಿತು. ಷರತ್ತು ಗಟ್ಟಿಯಾಗಿತ್ತು. ಈಗಾಗಲೇ ಇರುವ ಪೆಟ್ಟಿಗೆ, ಪರದೆ ಮತ್ತು ಯಂತ್ರಾಂಶದಲ್ಲೇ ಹೊಸ ಆಟ ನಡೆಯಬೇಕು. ಹಾಗಾಗಿ ಯಾವ ಯೋಚನೆ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಜರಡಿ ಹಿಡಿಯಬೇಕಿತ್ತು. ಯೊಕೊಯಿ ಅವರೇ ಸೂಚಿಸಿದ ಏರುಪೇರು ಹಲಗೆಯಾಟದಂಥ ಯೋಚನೆ ಕೂಡ ಪ್ರೋಗ್ರಾಂ ಮಾಡಲು ಕಷ್ಟವೆಂದು ಕೈಬಿಟ್ಟುಹೋಯಿತು. ಕೊನೆಗೆ ಉಳಿದದ್ದು ಏಣಿಗಳು, ಉಕ್ಕಿನ ತೊಲೆಗಳು, ಉರುಳುವ ಪೀಪಾಯಿಗಳು, ಮೇಲೆ ನಿಂತ ಒಂದು ದೊಡ್ಡ ಗೊರಿಲ್ಲಾ ಮತ್ತು ಹಾರಿ ಹಾರಿ ಮೇಲೇರುವ ಒಬ್ಬ ಬಡಗಿ. ಆಟದ ಹೆಸರು ಡಾಂಕಿ ಕಾಂಗ್. ಆ ಬಡಗಿಯೇ ಮುಂದೆ ಮಾರಿಯೋ ಎಂದು ಹೆಸರಾದ.

ಬದಲಾವಣೆಯ ಸಾಮಾನುಗಳು ಜಪಾನಿನಿಂದ ಅಮೆರಿಕಕ್ಕೆ ಬಂದವು. ಅಲ್ಲಿನ ಗೋದಾಮಿನಲ್ಲಿ ಅರಕಾವಾ, ಅವರ ಪತ್ನಿ ಮತ್ತು ಕೆಲವೇ ನೌಕರರು ಕೈಯಾರೆ ಪೆಟ್ಟಿಗೆಗಳನ್ನು ಬಿಚ್ಚಿ, ಒಳಗಿನ ಬೋರ್ಡುಗಳನ್ನು ಮಾರ್ಪಡಿಸಿ, ಹೊರಗಿನ ಚಿತ್ರಗಳನ್ನು ಬದಲಿಸಿದರು. ಇಂದು ಮನೆಯಲ್ಲಿ ಪೆಟ್ಟಿಗೆ ಬಿಚ್ಚುವವರು ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ. ಯಾರಿಗೂ ಬೇಡವಾಗಿದ್ದ 2,000 ಪೆಟ್ಟಿಗೆಗಳೂ ಖರ್ಚಾದವು. ಬೇಡಿಕೆ ಎಷ್ಟಾಯಿತೆಂದರೆ ಈ ಆಟಕ್ಕಾಗಿಯೇ ಹೊಸ ಪೆಟ್ಟಿಗೆಗಳನ್ನು ಮಾಡಿಸಬೇಕಾಯಿತು.

1982ರಲ್ಲಿ ಅದೇ ಆಟವನ್ನು ಜೇಬಿನ ಯಂತ್ರಕ್ಕೆ ತರುವಾಗ ಯೊಕೊಯಿ ಅವರಿಗೆ ಇನ್ನೊಂದು ಸಮಸ್ಯೆ ಎದುರಾಯಿತು. ಮಡಚುವ ತೆಳ್ಳಗಿನ ಯಂತ್ರದಲ್ಲಿ ಎದ್ದು ನಿಲ್ಲುವ ಜಾಯ್‌ಸ್ಟಿಕ್ ಹಿಡಿಸುವುದಿಲ್ಲ. ಅವರು ಕೂಡಿಸುವ ಚಿಹ್ನೆಯ ಆಕಾರದ ಚಪ್ಪಟೆ ಬಟನ್ ಮಾಡಿದರು. ಇಂದು ನಾವು ಹಿಡಿಯುವ ಹೆಚ್ಚಿನ ಗೇಮ್ ರಿಮೋಟ್‌ಗಳಲ್ಲಿ ಎಡ ಹೆಬ್ಬೆರಳಿನ ಕೆಳಗೆ ಅದು ಇರುತ್ತದೆ.

1989ರಲ್ಲಿ ಅವರ ತಂಡದಿಂದ ಗೇಮ್ ಬಾಯ್ ಬಂತು. ಪ್ರತಿಸ್ಪರ್ಧಿಗಳು ಬಣ್ಣದ ಪರದೆ ಕೊಟ್ಟರು. ಆದರೆ ಅವರ ಯಂತ್ರಗಳಿಗೆ ಆರು ಸೆಲ್ ಬೇಕಿತ್ತು, ಅವೂ ಕೆಲವೇ ಗಂಟೆಗಳಲ್ಲಿ ಮುಗಿಯುತ್ತಿದ್ದವು. ಯೊಕೊಯಿ ಅವರ ಯಂತ್ರದ ಪರದೆಯಲ್ಲಿ ಬಣ್ಣವಿರಲಿಲ್ಲ, ಹಸಿರು ಮಿಶ್ರಿತ ನಾಲ್ಕು ಛಾಯೆ ಮಾತ್ರ. ಆದರೆ ನಾಲ್ಕು ಸೆಲ್‌ನಲ್ಲಿ ಹತ್ತು ಗಂಟೆಗೂ ಹೆಚ್ಚು ನಡೆಯುತ್ತಿತ್ತು, ಬೆಲೆಯೂ ಕಡಿಮೆ. ನಂತರದ ಬಣ್ಣದ ಮಾದರಿಯೂ ಸೇರಿ 11 ಕೋಟಿಗೂ ಹೆಚ್ಚು ಮಾರಾಟವಾಯಿತು. ನಮ್ಮಲ್ಲಿ ಉರುಸು, ಜಾತ್ರೆಗಳ ಅಂಗಡಿಗಳಲ್ಲಿ ಸಿಗುತ್ತಿದ್ದ ಬ್ರಿಕ್ ಗೇಮ್ ಯಂತ್ರವನ್ನು ನೆನಪಿಸಿಕೊಳ್ಳಿ. ಅದರ ರೂಪ ನೋಡಿದರೆ ಗೇಮ್ ಬಾಯ್ ಅದರ ದೊಡ್ಡಣ್ಣ ಎಂದು ತಿಳಿಯುತ್ತದೆ.

ಎಲ್ಲವೂ ಗೆಲುವೇ ಆಗಲಿಲ್ಲ. 1995ರಲ್ಲಿ ಅವರು ವರ್ಚುವಲ್ ಬಾಯ್ ತಂದರು. ಕಣ್ಣಿಗೆ ಒತ್ತಿ ನೋಡಿದರೆ ಆಟ ಮೂರು ಆಯಾಮಗಳಲ್ಲಿ ಕಾಣುವ ಯಂತ್ರ ಅದು. ಆದರೆ ಎಲ್ಲವೂ ಕೆಂಪು ಬಣ್ಣದಲ್ಲೇ ಕಾಣುತ್ತಿತ್ತು, ಕಣ್ಣು ಕುತ್ತಿಗೆ ನೋಯುತ್ತಿದ್ದವು. ಎಂಟು ಲಕ್ಷವೂ ಮಾರಾಟವಾಗದೆ ಒಂದೇ ವರ್ಷದೊಳಗೆ ನಿಂತುಹೋಯಿತು. 1996ರ ಆಗಸ್ಟ್‌ನಲ್ಲಿ ಯೊಕೊಯಿ ಅವರು 31 ವರ್ಷ ದುಡಿದ ಕಂಪನಿಯನ್ನು ಬಿಟ್ಟರು. ಆ ಸೋಲೇ ಕಾರಣ ಎಂದು ಅನೇಕರು ಬರೆದರು. ಆದರೆ ಐವತ್ತರ ಆಸುಪಾಸಿನಲ್ಲಿ ಹೊರಬಂದು ಸ್ವಂತ ಕೆಲಸ ಮಾಡುವ ಯೋಚನೆ ಅವರಿಗೆ ಮೊದಲೇ ಇತ್ತು. ಅವರು ಕ್ಯೋಟೊದಲ್ಲಿಯೇ ಕೋಟೊ ಎಂಬ ಸಣ್ಣ ಸಂಸ್ಥೆ ಕಟ್ಟಿದರು. ಬಂದಾಯಿ ಕಂಪನಿಗಾಗಿ ಒಂದೇ ಸೆಲ್‌ನಲ್ಲಿ ನಡೆಯುವ ಹೊಸ ಜೇಬಿನ ಯಂತ್ರದ ವಿನ್ಯಾಸದಲ್ಲಿ ತೊಡಗಿದರು.

ಅದು ಪೂರ್ತಿಯಾಗುವುದನ್ನು ನೋಡಲು ಅವರು ಉಳಿಯಲಿಲ್ಲ. 1997ರ ಅಕ್ಟೋಬರ್ 4ರಂದು ಹೆದ್ದಾರಿಯಲ್ಲಿ ಅವರಿದ್ದ ಕಾರು ಒಂದು ಲಾರಿಗೆ ತಾಗಿತು. ಆದ ಹಾನಿಯನ್ನು ನೋಡಲು ಕೆಳಗಿಳಿದಾಗ ಮತ್ತೊಂದು ಕಾರು ಬಂದು ಡಿಕ್ಕಿ ಹೊಡೆಯಿತು. ಆಗ ಅವರಿಗೆ 56 ವರ್ಷ. ಅವರು ರೂಪಿಸಿದ ಯಂತ್ರ 1999ರಲ್ಲಿ ವಂಡರ್‌ಸ್ವಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅದರ ಜೊತೆ ಬಂದ ಒಂದು ಆಟಕ್ಕೆ ಅವರದೇ ಹೆಸರು, ಗುನ್‌ಪೇ.

ಅವರು ತೀರಿಕೊಂಡ 1997ರಲ್ಲಿಯೇ, ಹಳೆಯ ಆರ್ಕೇಡ್ ಬೋರ್ಡುಗಳಂತೆ ನಡೆದುಕೊಳ್ಳುವ ಮೇಮ್ ಎಂಬ ಎಮ್ಯುಲೇಟರ್ ಮೊದಲ ಬಾರಿಗೆ ಬಿಡುಗಡೆಯಾಯಿತು. ಮನೆಯ ಪೆಟ್ಟಿಗೆಗಳನ್ನು ಮಾರ್ಪಡಿಸುವ ಅನೇಕರು ಇಂದು ಬಳಸುವುದು ಅದನ್ನೇ. ಒಂದು ಮಾತು ನೆನಪಿರಲಿ: ಎಮ್ಯುಲೇಟರ್ ಬಳಸುವುದು ಬೇರೆ, ಹಕ್ಕುಸ್ವಾಮ್ಯವಿರುವ ಆಟಗಳನ್ನು ಕದ್ದು ಹಾಕಿಕೊಳ್ಳುವುದು ಬೇರೆ. ಎರಡನೆಯದು ತಪ್ಪು.

ಮಾರಾಟವಾಗದ ಪೆಟ್ಟಿಗೆ, ಬೆಲೆ ಇಳಿದ ಪರದೆ, ಖಾಲಿ ಬಿದ್ದ ಹಾಲ್ ಇವೆಲ್ಲವನ್ನೂ ಯೊಕೊಯಿ ಅವರು ಇನ್ನೊಮ್ಮೆ ನೋಡಿದರು. ಅವರನ್ನೂ ದೊಡ್ಡ ಕಂಪನಿಗಳು ಬೇಡವೆಂದಿದ್ದವು, ಆದರೆ ಯಮೌಚಿ ಅವರು ಇನ್ನೊಮ್ಮೆ ನೋಡಿದರು. ಪರೀಕ್ಷೆಯ ಫಲಿತಾಂಶ ಬಂದಾಗ ನಾವು ಕೆಲವು ಸ್ನೇಹಿತರ ಬಗ್ಗೆ ಅವನದು ಮುಗಿಯಿತು, ಅವಳದು ಮುಗಿಯಿತು ಎಂದು ಬೇಗ ಹೇಳಿಬಿಡುತ್ತೇವೆ. ವಿಜ್ಞಾನ ಸಿಗಲಿಲ್ಲ, ಅದಕ್ಕೇ ವಾಣಿಜ್ಯಕ್ಕೆ ಬಂದ ಎಂದೂ ಹೇಳುತ್ತೇವೆ. ಹಾಗೆ ಹೇಳುವ ಮೊದಲು ಗೋದಾಮಿನಲ್ಲಿ ಬಿದ್ದಿದ್ದ ಆ 2,000 ಪೆಟ್ಟಿಗೆಗಳನ್ನು ನೆನಪಿಸಿಕೊಳ್ಳೋಣ. ಪೆಟ್ಟಿಗೆ ಚೆನ್ನಾಗಿಯೇ ಇತ್ತು. ಬದಲಾಗಬೇಕಿದ್ದದ್ದು ಅದರೊಳಗಿನ ಆಟ ಮಾತ್ರ.