ಜಾಡಿಯೊಳಗಿನ ಆನೆ

ನಮ್ಮಲ್ಲಿ ಹೆಚ್ಚಿನವರು ಬಯಾಲಜಿಗೆ ಕೈಮುಗಿದು ಇಂಜಿನಿಯರಿಂಗ್‌ಗೆ ಬಂದವರು. ಕಾರ್ಲ್ ಲಿನೇಯಸ್ ಅಂದ್ರೆ ನೆನಪಾಗೋದು ಒಂದೇ, ಬೈನಾಮಿಯಲ್ ಹೆಸರುಗಳು (ಗಣಿತದ ಬೈನಾಮಿಯಲ್ ಅಲ್ಲ, ಭಯ ಬೇಡ). ಆದ್ರೆ ಈ ಮನುಷ್ಯನ ಬದುಕಲ್ಲಿ ಕಾಲುವೆಗೆ ಬಿದ್ದು ಸತ್ತ ಗೆಳೆಯ ಇದ್ದಾನೆ, ಏಳು ತಲೆಯ ನಕಲಿ ಹಾವಿದೆ, 255 ವರ್ಷ ಆದ್ಮೇಲೆ ಸಿಕ್ಕಿಬಿದ್ದ ಒಂದು ಆನೆಯೂ ಇದೆ.

ಲಿನೇಯಸ್ ಹುಟ್ಟಿದ್ದು 1707ರಲ್ಲಿ, ಸ್ವೀಡನ್ನಿನ ರೋಸ್‌ಹುಲ್ಟ್ ಅನ್ನೋ ಹಳ್ಳಿಯಲ್ಲಿ. ಅಪ್ಪ ಪಾದ್ರಿ, ತೋಟದ ಹುಚ್ಚು. ಮಗನೂ ಪಾದ್ರಿ ಆಗ್ಲಿ ಅಂತ ಮನೆಯವರ ಆಸೆ. ಶಾಲೆಯ ಮೇಷ್ಟ್ರುಗಳು ಇವನಿಂದ ಅದು ಆಗಲ್ಲ ಅಂದ್ರು. ಅಲ್ಲೇ ಪಾಠ ಮಾಡ್ತಿದ್ದ ರೋಥ್‌ಮನ್ ಅನ್ನೋ ವೈದ್ಯರು ಮಾತ್ರ, ಹುಡುಗನನ್ನ ಮೆಡಿಸಿನ್‌ಗೆ ಹಾಕಿ ಅಂತ ಅಪ್ಪನನ್ನ ಒಪ್ಪಿಸಿದ್ರು. ಮನೆಯಲ್ಲಿ ಒಂದು ಆಸೆ, ಮಗನಿಗೆ ಇನ್ನೊಂದು. ನಮಗೇನು ಹೊಸ ಕಥೆಯಲ್ಲ.

ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ಪೀಟರ್ ಅರ್ಟೆಡಿ ಸಿಕ್ಕಿದ. ಇಬ್ಬರ ಕೈಯಲ್ಲೂ ಕಾಸಿಲ್ಲ, ಪ್ಲಾನ್ ಮಾತ್ರ ದೊಡ್ಡದು: ಇಡೀ ಜೀವಜಗತ್ತನ್ನ ಹಂಚಿಕೊಂಡು ವರ್ಗೀಕರಣ ಮಾಡೋದು. ಅರ್ಟೆಡಿಗೆ ಮೀನು, ಲಿನೇಯಸ್‌ಗೆ ಗಿಡ, ಹಕ್ಕಿ, ಕೀಟ. ಯಾರು ಮೊದಲು ಸತ್ತರೂ ಉಳಿದವನು ಅವನ ಕೆಲಸ ಮುಗಿಸಬೇಕು ಅಂತ ಒಪ್ಪಂದ ಮಾಡಿಕೊಂಡ್ರು.

1735ರಲ್ಲಿ ಲಿನೇಯಸ್ ಹಾಲೆಂಡ್ ಕಡೆ ಹೊರಟ. ದಾರಿಯಲ್ಲಿ ಹ್ಯಾಂಬರ್ಗ್. ಅಲ್ಲಿನ ಮೇಯರ್ ಹತ್ತಿರ ಏಳು ತಲೆಯ ಹೈಡ್ರಾ ಇತ್ತು, ಅದನ್ನ ಭಾರಿ ಬೆಲೆಗೆ ಮಾರೋ ಲೆಕ್ಕಾಚಾರ ನಡೀತಿತ್ತು. ಲಿನೇಯಸ್ ಹಲ್ಲು ನೋಡಿದ, ಕಾಲು ನೋಡಿದ. ಮುಂಗುಸಿಯಂಥ ವೀಸಲ್ ಪ್ರಾಣಿಯ ದವಡೆಗೆ ಹಾವಿನ ಚರ್ಮ ಅಂಟಿಸಿದ್ದಾರೆ ಅಂತ ಬಹಿರಂಗವಾಗಿ ಹೇಳಿಬಿಟ್ಟ. ಆಮೇಲೆ ಊರಲ್ಲಿ ನಿಲ್ಲೋದು ಕ್ಷೇಮವಲ್ಲ ಅಂತ ಬೇಗ ಜಾಗ ಖಾಲಿ ಮಾಡಿದ. ಅಲ್ಲಿಂದ ಹಾರ್ಡರ್‌ವೈಕ್‌ಗೆ ಹೋಗಿ ಎರಡು ವಾರದೊಳಗೆ ಡಾಕ್ಟರೇಟ್ ತಗೊಂಡ. (ನಮ್ಮ ಪಿಎಚ್‌ಡಿ ಸೀನಿಯರ್ಸ್ ಈ ಸಾಲನ್ನ ಓದದಿದ್ರೆ ಒಳ್ಳೇದು.)

ಅದೇ ವರ್ಷ ಅರ್ಟೆಡಿಯೂ ಕೈ ಖಾಲಿ ಮಾಡ್ಕೊಂಡು ಹಾಲೆಂಡಿಗೆ ಬಂದ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆಲ್ಬರ್ಟಸ್ ಸೇಬಾ ಅಂತ ಒಬ್ಬ ಔಷಧ ವ್ಯಾಪಾರಿ. ಅವನ ಮನೆ ತುಂಬ ಜಾಡಿಗಳು, ಜಾಡಿ ತುಂಬ ಪ್ರಾಣಿಗಳು. ಅಲ್ಲಿನ ಮೀನುಗಳನ್ನ ವಿವರಿಸೋ ಕೆಲಸವನ್ನ ಲಿನೇಯಸ್ಸೇ ಗೆಳೆಯನಿಗೆ ಕೊಡಿಸಿದ. ಸೆಪ್ಟೆಂಬರ್ ಕೊನೆಯ ಒಂದು ರಾತ್ರಿ ಸೇಬಾ ಮನೆಯಿಂದ ವಾಪಸ್ ಬರುವಾಗ ಅರ್ಟೆಡಿ ಕತ್ತಲಲ್ಲಿ ಕಾಲುವೆಗೆ ಬಿದ್ದು ತೀರಿಕೊಂಡ. ವಯಸ್ಸು 30. ಬಾಡಿಗೆ ಬಾಕಿಗಾಗಿ ಮನೆ ಮಾಲೀಕ ಹಸ್ತಪ್ರತಿಗಳನ್ನ ಹಿಡಿದಿಟ್ಟುಕೊಂಡ. ಲಿನೇಯಸ್‌ನ ಶ್ರೀಮಂತ ಪೋಷಕ ಕ್ಲಿಫರ್ಡ್ ದುಡ್ಡು ಕೊಟ್ಟು ಬಿಡಿಸಿದ. 1738ರಲ್ಲಿ ಅರ್ಟೆಡಿಯ ಮೀನಿನ ಪುಸ್ತಕ ಅರ್ಟೆಡಿ ಹೆಸರಲ್ಲೇ ಬಂತು. ಲಿನೇಯಸ್‌ಗೆ ಜಂಬ ಜಾಸ್ತಿ, ಟೀಕೆ ಮಾಡಿದವನ ಹೆಸರನ್ನ ಒಂದು ಕಳೆ ಗಿಡಕ್ಕೆ ಇಟ್ಟಂಥವನು. ಆದ್ರೂ ಅವನು ಮಾಡಿದ್ದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸೋದು ಈ ಪುಸ್ತಕ.

ಆಗ ಗಿಡದ ಹೆಸರು ಅಂದ್ರೆ ಲ್ಯಾಟಿನ್‌ನಲ್ಲಿ ಒಂದಿಡೀ ಸಾಲು. 1753ರಲ್ಲಿ ಗಿಡಗಳಿಗೆ, 1758ರಲ್ಲಿ ಪ್ರಾಣಿಗಳಿಗೆ ಅವನು ಎರಡೇ ಪದದ ಹೆಸರು ಕೊಟ್ಟ. ಮೊದಲನೇದು ಫೋಲ್ಡರ್, ಎರಡನೇದು ಫೈಲ್ ಅಂದ್ಕೊಳ್ಳಿ. ನಮ್ಮ ಮಾವು, ಅಡಿಕೆ ಎರಡಕ್ಕೂ ಅವನದೇ ಹೆಸರು. ಸಸ್ಯತೋಟದ ಬೋರ್ಡುಗಳಲ್ಲಿ ಹೆಸರಿನ ಕೊನೆಗೆ ಬರೆದಿರೋ 'ಎಲ್' ಅಂದ್ರೆ ಲಿನೇಯಸ್. ಇಂಡಿಯಾಗೆ ಅವನು ಬಂದೇ ಇಲ್ಲ. ಶಿಷ್ಯರನ್ನ ಹಡಗು ಹತ್ತಿಸಿ ದೇಶದೇಶಕ್ಕೆ ಕಳಿಸ್ತಿದ್ದ, ಅವರಲ್ಲಿ ಹಲವರು ತಿರುಗಿ ಬರಲೇ ಇಲ್ಲ. ಮನುಷ್ಯರನ್ನೂ ಖಂಡದ ಲೆಕ್ಕದಲ್ಲಿ ನಾಲ್ಕು ಭಾಗ ಮಾಡಿ, ಒಂದೊಂದಕ್ಕೂ ಒಂದು ಗುಣ ಅಂಟಿಸಿದ. ಹೈಡ್ರಾದ ಹಲ್ಲು ನೋಡಿದ ಕಣ್ಣು ಇಲ್ಲಿ ಎಲ್ಲಿ ಹೋಗಿತ್ತೋ! 1778ರಲ್ಲಿ ಉಪ್ಸಾಲಾದಲ್ಲಿ ತೀರಿಕೊಂಡ.

ಈಗ ಆನೆ. ಒಂದು ಪ್ರಭೇದಕ್ಕೆ ಹೆಸರಿಟ್ಟರೆ ಅದಕ್ಕೊಂದು ಮಾದರಿ ಬೇಕು, 'ಟೈಪ್' ಅಂತಾರೆ. ಹೊಸ ಜೀವಿ ಸಿಕ್ಕಿದಾಗ ಹೋಲಿಸಿ ನೋಡೋದು ಅದರ ಜೊತೆಗೇ. 1758ರಲ್ಲಿ ಏಷ್ಯಾದ ಆನೆಗೆ 'ಎಲಿಫಾಸ್ ಮ್ಯಾಕ್ಸಿಮಸ್' ಅಂತ ಹೆಸರಿಟ್ಟಾಗ ಲಿನೇಯಸ್ ಆಧಾರ ಮಾಡಿಕೊಂಡಿದ್ದರಲ್ಲಿ ಒಂದು, ಮದ್ಯದ ಜಾಡಿಯಲ್ಲಿದ್ದ ಆನೆಯ ಭ್ರೂಣ. ಯಾರ ಜಾಡಿ? ಅದೇ ಸೇಬಾ ಸಂಗ್ರಹದ್ದು. ಆಫ್ರಿಕಾದ ಆನೆ ಬೇರೆ ಅಂತ ಲಿನೇಯಸ್‌ಗೆ ಗೊತ್ತಿರಲಿಲ್ಲ, ಅದಕ್ಕೆ ಪ್ರತ್ಯೇಕ ಹೆಸರು ಬಂದಿದ್ದೇ 1797ರಲ್ಲಿ.

ಜಾಡಿ ಈಗ ಸ್ಟಾಕ್‌ಹೋಮ್‌ನ ಮ್ಯೂಸಿಯಂನಲ್ಲಿದೆ. ಭ್ರೂಣದ ಆಕಾರ ನೋಡಿದವರಿಗೆ ಅನುಮಾನ ಇತ್ತು, ಆದ್ರೆ ಅಷ್ಟು ವರ್ಷ ಮದ್ಯದಲ್ಲಿ ನೆನೆದ ಡಿಎನ್‌ಎ ಚೂರುಚೂರಾಗಿರುತ್ತೆ. ಪ್ರೋಟೀನ್ ಸ್ವಲ್ಪ ಗಟ್ಟಿ ಪಿಂಡ. ಕೋಪನ್‌ಹೇಗನ್‌ನ ಸಂಶೋಧಕರಿದ್ದ ತಂಡ ಪ್ರೋಟೀನಿನ ತುಣುಕುಗಳನ್ನ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಹಾಕಿ ಅಮೈನೋ ಆಮ್ಲಗಳ ಕ್ರಮ ಓದಿತು, ಸಿಕ್ಕಷ್ಟು ಡಿಎನ್‌ಎ ಜೊತೆ ತಾಳೆ ನೋಡಿತು. 2013ರಲ್ಲಿ ಉತ್ತರ ಬಂತು: ಏಷ್ಯಾದ ಆನೆಯ ಮಾದರಿ ಅಂತ ಇಟ್ಟುಕೊಂಡಿದ್ದು ಆಫ್ರಿಕಾದ ಆನೆ!

ಹಾಗಾದ್ರೆ ಸರಿಯಾದ ಮಾದರಿ ಯಾವುದು? ಲಿನೇಯಸ್ ತನ್ನ ಬರಹದಲ್ಲಿ ಜಾನ್ ರೇ ಅನ್ನೋ ಇಂಗ್ಲಿಷ್ ವಿದ್ವಾಂಸನ ವಿವರಣೆಯನ್ನೂ ಉಲ್ಲೇಖಿಸಿದ್ದ. ರೇ ನೋಡಿದ್ದು ಇಟಲಿಯ ಫ್ಲಾರೆನ್ಸ್‌ನಲ್ಲಿದ್ದ ಒಂದು ಅಸ್ಥಿಪಂಜರ. ಹುಡುಕಿದ್ರೆ ಅದು ಅಲ್ಲಿನ ಮ್ಯೂಸಿಯಂನಲ್ಲಿ ಇನ್ನೂ ನಿಂತಿತ್ತು. ಡಿಎನ್‌ಎ ನೋಡಿದ್ರು, ಏಷ್ಯಾದ್ದೇ. ಅದು ಹಾನ್ಸ್‌ಕೆನ್ ಅನ್ನೋ ಹೆಣ್ಣಾನೆಯದು. ಸಿಲೋನ್‌ನಲ್ಲಿ ಹುಟ್ಟಿ, ಯುರೋಪಿನ ಊರೂರು ಸುತ್ತಿ ಆಟ ತೋರಿಸಿ, 1655ರಲ್ಲಿ ಫ್ಲಾರೆನ್ಸ್‌ನಲ್ಲಿ ಸತ್ತ ಆನೆ. 1637ರಲ್ಲಿ ರೆಂಬ್ರಾಂಟ್ ಕೂತು ಚಿತ್ರ ಬರೆದಿದ್ದು ಇದನ್ನೇ. ಬಂಡೀಪುರದಲ್ಲಿ ರೋಡ್ ದಾಟೋ ನಮ್ಮ ಆನೆಗಳ ಸೈಂಟಿಫಿಕ್ ಹೆಸರು ಈಗ ನಿಂತಿರೋದು ಹಾನ್ಸ್‌ಕೆನ್‌ನ ಮೂಳೆಗಳ ಮೇಲೆ.