ಸೋಡಾ ಅಂಗಡಿಯ ದುಡ್ಡಲ್ಲಿ ದೇಶದ ಮೊದಲ ದಂತ ಕಾಲೇಜು ಕಟ್ಟಿದ ಡಾ. ರಫೀಉದ್ದೀನ್ ಅಹ್ಮದ್ ಯಾರು ಗೊತ್ತಾ?

ಮುಂಬೈ: ಅಂಧೇರಿ, ಬೊರಿವಲಿ, ಮುಲುಂಡ್ ಹೀಗೆ ಯಾವ ಲೋಕಲ್ ರೈಲು ನಿಲ್ದಾಣದಿಂದ ಹೊರಬಂದರೂ ಡೆಂಟಲ್ ಕ್ಲಿನಿಕ್‌ನ ಬೋರ್ಡ್ ಕಣ್ಣಿಗೆ ಬೀಳುತ್ತದೆ. ರೂಟ್ ಕೆನಾಲ್, ಕ್ಯಾಪ್, ಬ್ರಿಡ್ಜ್, ಇಂಪ್ಲಾಂಟ್ ಎಂಬ ಪಟ್ಟಿಯ ಮೇಲೆ ವೈದ್ಯರ ಹೆಸರು, ಹೆಸರಿನ ಮುಂದೆ ಪದವಿ. ಈ ಪದವಿಗೆ ನಮ್ಮ ದೇಶದಲ್ಲಿ ಬುನಾದಿ ಹಾಕಿದವರು ಡಾ. ರಫೀಉದ್ದೀನ್ ಅಹ್ಮದ್. ಅವರ ಜನ್ಮದಿನವಾದ ಡಿಸೆಂಬರ್ 24ನ್ನು ಭಾರತದಲ್ಲಿ ದಂತವೈದ್ಯರ ದಿನವಾಗಿ ಆಚರಿಸಲಾಗುತ್ತದೆ.

ಬಂಗಾಳದ ಹಳ್ಳಿಯಿಂದ ಅಮೆರಿಕಕ್ಕೆ

ಅಹ್ಮದ್ ಹುಟ್ಟಿದ್ದು 1890ರಲ್ಲಿ, ಇಂದಿನ ಬಾಂಗ್ಲಾದೇಶಕ್ಕೆ ಸೇರಿದ ಬರ್ಧನ್‌ಪಾರಾ ಎಂಬ ಊರಿನಲ್ಲಿ. ಅಲಿಗಢದಲ್ಲಿ ಓದು ಮುಗಿಸಿ ಅಮೆರಿಕಕ್ಕೆ ಹೋದ ಅವರು, 1915ರಲ್ಲಿ ಅಯೋವಾ ವಿಶ್ವವಿದ್ಯಾಲಯದಿಂದ ದಂತವೈದ್ಯಕೀಯ ಪದವಿ ಪಡೆದರು. ನಂತರ ಬೋಸ್ಟನ್‌ನಲ್ಲಿ ಮಕ್ಕಳ ಹಲ್ಲಿನ ಚಿಕಿತ್ಸೆಗೆಂದೇ ಇದ್ದ ಫೋರ್ಸಿತ್ ಆಸ್ಪತ್ರೆಯಲ್ಲಿ 1918ರವರೆಗೆ ಕೆಲಸ ಮಾಡಿದರು. ಅಲ್ಲೇ ನೆಲೆಸಬಹುದಿತ್ತು. ಆದರೆ 1919ರಲ್ಲಿ ಕೋಲ್ಕತ್ತಾಗೆ ಮರಳಿದರು.

ಆಗ ಭಾರತದಲ್ಲಿ ಹಲ್ಲಿನ ವೈದ್ಯ ಕಲಿಸುವ ಒಂದೇ ಒಂದು ಕಾಲೇಜೂ ಇರಲಿಲ್ಲ. ಹಣವಿದ್ದವರು ವಿದೇಶದಲ್ಲಿ ಕಲಿತು ಬಂದ ವೈದ್ಯರ ಬಳಿ ಹೋಗುತ್ತಿದ್ದರು. ಉಳಿದವರಿಗೆ ರಸ್ತೆ ಬದಿಯಲ್ಲಿ ಇಕ್ಕಳ ಹಿಡಿದು ಹಲ್ಲು ಕೀಳುವವರೇ ಗತಿ.

ತಂಪು ಪಾನೀಯದಿಂದ ಬಂದ ಬಂಡವಾಳ

1920ರಲ್ಲಿ ಅಹ್ಮದ್ ಕೋಲ್ಕತ್ತಾದಲ್ಲಿ ದೇಶದ ಮೊದಲ ದಂತ ಕಾಲೇಜು ತೆರೆದರು. ಅದನ್ನು ನಡೆಸಲು ಹಣ ಬೇಕಲ್ಲ? ಅದಕ್ಕೆ ಅವರು ಕಂಡುಕೊಂಡ ದಾರಿ ನ್ಯೂಯಾರ್ಕ್ ಸೋಡಾ ಫೌಂಟೇನ್ ಎಂಬ ತಂಪು ಪಾನೀಯದ ಅಂಗಡಿ. ಅಮೆರಿಕದ ಮಾದರಿಯ ಈ ಅಂಗಡಿಯ ಗಳಿಕೆ ಕಾಲೇಜಿನ ಖರ್ಚಿಗೆ ಹೋಗುತ್ತಿತ್ತು. ಆರಂಭದಲ್ಲಿ ಚಿಕ್ಕದಾಗಿದ್ದ ಕೋರ್ಸ್ ಹಂತ ಹಂತವಾಗಿ ನಾಲ್ಕು ವರ್ಷಕ್ಕೆ ಬೆಳೆಯಿತು.

ಮುಂಬೈಗೂ ಈ ಕಾಲೇಜಿಗೂ ಹಳೆಯ ನಂಟಿದೆ. ಮೊಹಮ್ಮದ್ ಅಲಿ ಜಿನ್ನಾ ಅವರ ತಂಗಿ ಫಾತಿಮಾ ಜಿನ್ನಾ ಬಾಂದ್ರಾದ ಕಾನ್ವೆಂಟ್‌ನಲ್ಲಿ ಓದಿದವರು. ದಂತವೈದ್ಯಕೀಯ ಕಲಿತದ್ದು ಅಹ್ಮದ್ ಅವರ ಕಾಲೇಜಿನಲ್ಲಿ. 1923ರಲ್ಲಿ ಮುಂಬೈಗೆ ಬಂದು ಸ್ವಂತ ಕ್ಲಿನಿಕ್ ತೆರೆದರು. ಹೆಣ್ಣುಮಕ್ಕಳು ಓದುವುದೇ ಅಪರೂಪವಾಗಿದ್ದ ಕಾಲದಲ್ಲಿ ಅದು ಸಣ್ಣ ಸಂಗತಿಯಲ್ಲ. 1929ರಲ್ಲಿ ಅತ್ತಿಗೆ ರತನ್‌ಬಾಯಿ ತೀರಿಕೊಂಡ ಮೇಲೆ ಅಣ್ಣನ ಮನೆ ನೋಡಿಕೊಳ್ಳಲು ಅವರು ಆ ಕ್ಲಿನಿಕ್ ಮುಚ್ಚಿದರು.

ಪದವಿ ಸಿಕ್ಕ ಮೇಲೂ ಕಲಿಕೆ

ಕಾಲೇಜಿನಿಂದ ಹೊರಹೋದ ವೈದ್ಯರು ಹೊಸದನ್ನು ಕಲಿಯುವುದು ಹೇಗೆ? ಇದಕ್ಕೂ ಅಹ್ಮದ್ ದಾರಿ ಮಾಡಿದರು. 1925ರಲ್ಲಿ ಇಂಡಿಯನ್ ಡೆಂಟಲ್ ಜರ್ನಲ್ ಶುರು ಮಾಡಿ, ಎರಡು ದಶಕ ಅದರ ಸಂಪಾದಕರಾಗಿದ್ದರು. ಅದೇ ವರ್ಷ ಬಂಗಾಳದ ದಂತವೈದ್ಯರ ಸಂಘವನ್ನೂ ಕಟ್ಟಿದರು. 1928ರಲ್ಲಿ ಆಪರೇಟಿವ್ ಡೆಂಟಿಸ್ಟ್ರಿ ಬಗ್ಗೆ ವಿದ್ಯಾರ್ಥಿಗಳಿಗಾಗಿ ಕೈಪಿಡಿ ಹೊರತಂದರು. ಹುಳುಕು ಹಲ್ಲನ್ನು ಕೀಳದೆ, ಕೆಟ್ಟ ಭಾಗ ತೆಗೆದು, ತುಂಬಿ ಉಳಿಸಿಕೊಳ್ಳುವ ವಿದ್ಯೆ ಅದು.

ತರಬೇತಿ ಇಲ್ಲದವರು ರೋಗಿಯ ಬಾಯಿಗೆ ಕೈ ಹಾಕಬಾರದು ಎಂಬುದು ಅವರ ನಿಲುವಾಗಿತ್ತು. 1939ರ ಬಂಗಾಳ ದಂತವೈದ್ಯರ ಕಾಯ್ದೆಗೆ ಅವರು ಶ್ರಮಿಸಿದರು. 1948ರಲ್ಲಿ ಇಡೀ ದೇಶಕ್ಕೆ ದಂತವೈದ್ಯರ ಕಾಯ್ದೆ ಬಂತು. ಮರುವರ್ಷ ತಾವು ಕಟ್ಟಿದ ಕಾಲೇಜನ್ನೇ ಪಶ್ಚಿಮ ಬಂಗಾಳ ಸರ್ಕಾರಕ್ಕೆ ದಾನ ಮಾಡಿದರು. ಇಂದು ಅದಕ್ಕೆ ಅವರದೇ ಹೆಸರಿದೆ.

1950ರಿಂದ 1962ರವರೆಗೆ ಡಾ. ಬಿ.ಸಿ. ರಾಯ್ ಸಂಪುಟದಲ್ಲಿ ಸಚಿವರಾಗಿ ಕೃಷಿ, ಸಹಕಾರ, ಪುನರ್ವಸತಿಯಂಥ ಖಾತೆಗಳನ್ನು ನೋಡಿಕೊಂಡರು. 1964ರಲ್ಲಿ ಪದ್ಮಭೂಷಣ ಸಂದಿತು. 1965ರ ಫೆಬ್ರವರಿ 9ರಂದು ನಿಧನರಾದರು.

ಅದೇ ವರ್ಷ ಹೊಸ ಅಧ್ಯಾಯ

ಕಾಕತಾಳೀಯ ನೋಡಿ, 1965ರಲ್ಲೇ ಸ್ವೀಡನ್‌ನ ಪರ್ ಇಂಗ್ವಾರ್ ಬ್ರೊನೆಮಾರ್ಕ್ ಮೊದಲ ಬಾರಿಗೆ ರೋಗಿಯೊಬ್ಬರ ದವಡೆಗೆ ಟೈಟಾನಿಯಂ ಇಂಪ್ಲಾಂಟ್ ಕೂರಿಸಿದರು. ಈ ಲೋಹದೊಂದಿಗೆ ಮೂಳೆ ಬೆಸೆದುಕೊಳ್ಳುತ್ತದೆ ಎಂಬುದನ್ನು ಅವರು 1950ರ ದಶಕದಲ್ಲಿ ಮೊಲಗಳ ಮೇಲಿನ ಪ್ರಯೋಗದ ವೇಳೆ ಗಮನಿಸಿದ್ದರು. ನಮ್ಮ ಮಣಿಪಾಲದ ದಂತ ಕಾಲೇಜು ಶುರುವಾದದ್ದೂ ಅದೇ 1965ರಲ್ಲಿ.

ಅಂದರೆ ಅಹ್ಮದ್ ಅವರ ಶಿಷ್ಯರು ತರಗತಿಯಲ್ಲಿ ಕೇಳಿಯೇ ಇರದ ಚಿಕಿತ್ಸೆ ಇಂದು ಮುಂಬೈನ ಗಲ್ಲಿ ಗಲ್ಲಿಯಲ್ಲಿ ಸಿಗುತ್ತಿದೆ. ಆದರೆ ಇದು ಹಲ್ಲು ತುಂಬಿಸಿದಷ್ಟು ಸುಲಭವಲ್ಲ. ಕೆಳದವಡೆಯಲ್ಲಿ ತುಟಿಗೆ ಹೋಗುವ ನರವಿದೆ, ಮೇಲ್ದವಡೆಯ ಮೇಲೆ ಸೈನಸ್ ಇದೆ. ಕೆಲವೇ ಮಿಲಿಮೀಟರ್ ಲೆಕ್ಕ ತಪ್ಪಿದರೂ ತುಟಿ ಮರಗಟ್ಟಬಹುದು. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಧೂಮಪಾನ ಇದ್ದರೆ ಇಂಪ್ಲಾಂಟ್ ಮೂಳೆಗೆ ಕೂಡದೇ ಹೋಗುವ ಅಪಾಯ ಹೆಚ್ಚು.

ಹೀಗಾಗಿಯೇ ವರ್ಷಗಟ್ಟಲೆ ಪ್ರಾಕ್ಟೀಸ್ ಮಾಡಿದ ವೈದ್ಯರೂ ಮತ್ತೆ ವಿದ್ಯಾರ್ಥಿಗಳಾಗುತ್ತಾರೆ. ಮುಂದುವರಿದ ಶಿಕ್ಷಣದ ಕಾರ್ಯಾಗಾರಗಳಿಗೆ ಹೋಗಿ ಅಂಕ ಗಳಿಸುತ್ತಾರೆ. ಆದರೆ ಎರಡು ದಿನದ ಕೋರ್ಸ್‌ನ ಪ್ರಮಾಣಪತ್ರಕ್ಕೂ, ಅನುಭವಿಗಳ ಪಕ್ಕದಲ್ಲಿ ನಿಂತು ರೋಗಿಗಳಿಗೆ ಚಿಕಿತ್ಸೆ ನೀಡಿ ಕಲಿತದ್ದಕ್ಕೂ ಅಜಗಜಾಂತರ.

ಇಂಪ್ಲಾಂಟ್ ಹಾಕಿಸಿಕೊಳ್ಳುವ ಮುನ್ನ ವೈದ್ಯರು ರಾಜ್ಯ ದಂತವೈದ್ಯ ಮಂಡಳಿಯಲ್ಲಿ ನೋಂದಾಯಿಸಿದ್ದಾರೆಯೇ, ಈ ಚಿಕಿತ್ಸೆಯನ್ನು ಎಲ್ಲಿ ಕಲಿತರು, ಇದುವರೆಗೆ ಎಷ್ಟು ಜನರಿಗೆ ಮಾಡಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ. ಇದರಲ್ಲಿ ಸಂಕೋಚ ಬೇಡ. ರಸ್ತೆ ಬದಿಯ ಇಕ್ಕಳದಿಂದ ರೋಗಿಗಳನ್ನು ಪಾರು ಮಾಡಲು ಹೊರಟಿದ್ದ ಅಹ್ಮದ್ ಅವರು ನೋಂದಣಿಯ ಕಾನೂನಿಗೆ ಹೋರಾಡಿದ್ದು ಇದೇ ಕಾರಣಕ್ಕೆ.