ಗಾನವನ್ನೇ ಗಂಟುಕಟ್ಟಿ ತಂದವರು: ಉಸ್ತಾದ್ ಬಡೇ ಗುಲಾಂ ಅಲಿ ಖಾನ್

ಊರು ಬಿಟ್ಟು ಬಂದವರ ಕಷ್ಟಸುಖ ಊರು ಬಿಟ್ಟವರಿಗೇ ಗೊತ್ತು. ನಮ್ಮಲ್ಲಿ ಬಹುಮಂದಿ ಬ್ಯಾಂಕು, ಕಚೇರಿ, ಹೋಟೆಲುಗಳ ನೌಕರಿಗಾಗಿ ಮುಂಬಯಿಗೆ ಬಂದವರು. ಆದರೂ ರಜೆ ದೊರೆತರೆ ರೈಲು ಹತ್ತಿ ಹುಟ್ಟೂರಿಗೆ ಹೋಗಿಬರುವ ಭಾಗ್ಯ ನಮಗುಂಟು. ಹುಟ್ಟೂರೇ ಪರದೇಶವಾಗಿಹೋದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ಇದೇ ನಗರದಲ್ಲಿ ಮತ್ತೆ ಬಾಳು ಕಟ್ಟಿದ ಮಹಾಗಾಯಕರೊಬ್ಬರ ಚರಿತ್ರೆಯನ್ನು ರಾಜ್ಯೋತ್ಸವದ ಈ ಶುಭ ಸಂದರ್ಭದಲ್ಲಿ ಸ್ಮರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಬಡೇ ಗುಲಾಂ ಅಲಿ ಖಾನರು 1902ರಲ್ಲಿ, ಲಾಹೋರಿಗೆ ಸಮೀಪದ ಕಸೂರಿನಲ್ಲಿ ಜನಿಸಿದರು. ತಂದೆ ಅಲಿ ಬಕ್ಷ್ ಖಾನರೂ ತಂದೆಯ ಸಹೋದರ ಕಾಲೇ ಖಾನರೂ ಪಟಿಯಾಲಾ ಘರಾಣೆಯ ಗಾಯಕರು. ಬಾಲಕನಿಗೆ ಪಾಠ ಇವರಿಬ್ಬರಿಂದಲೇ ಆಯಿತು. ಸಾರಂಗಿಯನ್ನೂ ಅಭ್ಯಾಸ ಮಾಡಿದ ಖಾನರು ಕ್ರಮೇಣ ಗಾಯನದಲ್ಲಿಯೇ ನೆಲೆಗೊಂಡರು. 1938ರಲ್ಲಿ ಕಲಕತ್ತೆಯ ರಸಿಕರು ಅವರನ್ನು ಮೆಚ್ಚಿದರು; 1944ರಲ್ಲಿ ಮುಂಬಯಿಯ ಸಂಗೀತ ಸಮ್ಮೇಳನದಲ್ಲಿ ಹಾಡಿದ ಮೇಲಂತೂ ಅವರ ಕೀರ್ತಿ ದೇಶವೆಲ್ಲ ಹಬ್ಬಿತು.

ಮೂರೇ ವರ್ಷಗಳಲ್ಲಿ ದೇಶ ಎರಡಾಯಿತು. 1947ರಲ್ಲಿ ಪಂಜಾಬು ಸೀಳಿಹೋಗಿ, ಲಕ್ಷಾಂತರ ಜನ ಮನೆಮಠ ಕಳೆದುಕೊಂಡರು. ಅದರ ಬೆನ್ನಿಗೇ ಕಾಶ್ಮೀರದಲ್ಲಿ ಯುದ್ಧವೂ ಆಯಿತು. ಕಸೂರು, ಲಾಹೋರುಗಳು ಪಾಕಿಸ್ತಾನಕ್ಕೆ ಸೇರಿದವು. ಖಾನ್ ಸಾಹೇಬರು ಮೊದಲು ಅಲ್ಲಿಯೇ ಇದ್ದರು. ಆದರೆ ಅವರಿಗೆ ಹೆಸರು ತಂದ ಕಲಕತ್ತೆ, ಮುಂಬಯಿಗಳ ಸಭೆಗಳು ಗಡಿಯ ಈಚೆಗೆ ಉಳಿದವು. ಮಣ್ಣು ಒಂದು ಕಡೆ, ಕೇಳುವ ಕಿವಿ ಇನ್ನೊಂದು ಕಡೆ! ಕೊನೆಗೆ ಅವರು ಕಿವಿಯಿದ್ದ ಕಡೆಗೇ ಬಂದರು. ಮೊರಾರ್ಜಿ ದೇಸಾಯಿಯವರ ನೆರವಿನಿಂದ, ಕನ್ನಡ ನಾಡು ಒಂದಾದ ಮರುವರ್ಷ, ಅಂದರೆ 1957ರಲ್ಲಿ, ಅವರಿಗೆ ಭಾರತದ ಪೌರತ್ವ ದೊರೆಯಿತು. ಮುಂಬಯಿಯ ಮಲಬಾರ್ ಹಿಲ್‌ನಲ್ಲಿ ವಾಸಕ್ಕೆ ಮನೆಯೂ ದೊರೆಯಿತು.

ಹೊಸ ನಗರಕ್ಕೆ ಅವರು ತಂದ ಆಸ್ತಿ ಯಾವುದು? ಕಂಠ, ಮಡಿಲಲ್ಲಿ ಸ್ವರಮಂಡಲ, ಮತ್ತು ಪಂಜಾಬಿನ ನೆನಪು. ದೇಹ ಭಾರಿ, ಮೀಸೆ ಹುರಿ, ಕಂಠವಾದರೋ ಬೆಣ್ಣೆಯಂತೆ. ಮೂರು ಸ್ಥಾಯಿಗಳಲ್ಲೂ ಅದು ಲೀಲಾಜಾಲವಾಗಿ ಹರಿಯುತ್ತಿತ್ತು. ಖಯಾಲನ್ನು ಅತಿಯಾಗಿ ಹಿಗ್ಗಿಸದೆ, ಕೇಳುವವರ ತಾಳ್ಮೆಯನ್ನು ಅರಿತು ಹಾಡುವುದು ಅವರ ಕ್ರಮ. ಠುಮರಿಯಲ್ಲಿ ಕಾಶಿಯ, ಲಖನೌದ ರೂಢಿಗಷ್ಟೇ ಕಟ್ಟುಬೀಳದೆ, ತಮ್ಮ ಸೀಮೆಯ ಜನಪದ ಹಾಡಿನ ಕೊಂಕನ್ನು ಅದರೊಳಗೆ ಬೆರೆಸಿದರು. ಸಬ್‌ರಂಗ್ ಎಂಬ ಅಂಕಿತದಲ್ಲಿ ಸ್ವತಃ ಚೀಜುಗಳನ್ನು ರಚಿಸಿದರು. ಮುಸಲ್ಮಾನರಾದ ಅವರು ಪಹಾಡಿಯಲ್ಲಿ ಹಾಡಿದ ಭಜನೆ ಇಂದಿಗೂ ಭಕ್ತರ ಕಣ್ಣನ್ನು ತೇವಗೊಳಿಸುತ್ತದೆ. ಹೊಸ ಊರು ಒಪ್ಪಲೆಂದು ಅವರು ಹಳೆಯ ಊರಿನ ಧಾಟಿಯನ್ನು ಅಡಗಿಸಿಡಲಿಲ್ಲ. ಆ ಧಾಟಿಗೇ ಜನ ಮಾರುಹೋದರು.

ಸಿನಿಮಾಕ್ಕೆ ಹಾಡಲು ಅವರಿಗೆ ಮನಸ್ಸಿರಲಿಲ್ಲ. ಮೊಗಲ್-ಎ-ಆಜಂ ಚಿತ್ರಕ್ಕೆ ಕೆ. ಆಸಿಫರೂ ಸಂಗೀತ ನಿರ್ದೇಶಕ ನೌಷಾದರೂ ಕೇಳಿಕೊಂಡಾಗ, ಬಂದವರು ಹಿಂತಿರುಗಲೆಂದೇ ಒಂದು ಹಾಡಿಗೆ 25,000 ರೂಪಾಯಿ ಕೇಳಿದರೆಂದೂ, ಆಸಿಫರು ಮರುಮಾತಿಲ್ಲದೆ ಒಪ್ಪಿದರೆಂದೂ ಪ್ರತೀತಿ. ಹೆಸರಾಂತ ಹಿನ್ನೆಲೆ ಗಾಯಕರಿಗೂ ಹಾಡೊಂದಕ್ಕೆ ಕೆಲವು ನೂರು ರೂಪಾಯಿ ಸಂದರೆ ಹೆಚ್ಚೆನ್ನುತ್ತಿದ್ದ ಕಾಲವದು! 1960ರಲ್ಲಿ ತೆರೆಕಂಡ ಆ ಚಿತ್ರದಲ್ಲಿ ಸೋಹನಿ, ರಾಗೇಶ್ರೀ ರಾಗಗಳ ಎರಡು ಹಾಡುಗಳು ಅವರವು. 1962ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ಪದ್ಮಭೂಷಣವೂ ಸಂದವು.

ಕಡೆಗಾಲದಲ್ಲಿ ಪಾರ್ಶ್ವವಾಯು ಬಡಿಯಿತು. ಆಗಲೂ ಅವರು ವೇದಿಕೆಯನ್ನು ಬಿಡಲಿಲ್ಲ. ತಾವೇ ತಿದ್ದಿ ಬೆಳೆಸಿದ ಮಗ ಮುನವ್ವರ್ ಅಲಿ ಖಾನರು ಪಕ್ಕದಲ್ಲಿ ಕುಳಿತು ದನಿಗೂಡಿಸುತ್ತಿದ್ದರು. 1968ರ ಏಪ್ರಿಲ್ 23ರಂದು ಹೈದರಾಬಾದಿನ ಬಷೀರ್‌ಬಾಗ್ ಅರಮನೆಯಲ್ಲಿ ಖಾನ್ ಸಾಹೇಬರು ಕೊನೆಯುಸಿರೆಳೆದರು. ಕಸೂರಿನಲ್ಲಿ ಹುಟ್ಟಿದ ದೇಹ ದಖ್ಖನಿನ ಮಣ್ಣಿಗೆ ಸೇರಿತು. ಬಷೀರ್‌ಬಾಗಿನ ರಸ್ತೆಯೊಂದಕ್ಕೆ ಅವರ ಹೆಸರನ್ನಿಟ್ಟಿದ್ದಾರೆ.

ನಮ್ಮ ಮಕ್ಕಳು ಓದುವುದು ಬೇರೆ ಭಾಷೆಯಲ್ಲಿ, ಆಡುವುದು ಬೇರೆ ಭಾಷೆಯವರೊಡನೆ. ನಾಲ್ಕು ಜನರ ಮುಂದೆ ಕನ್ನಡ ಆಡಲು ಕೆಲವರು ಸಂಕೋಚಪಡುವುದನ್ನೂ ನಾವು ಕಾಣುತ್ತೇವೆ. ಅಂಥವರಿಗೆ ಬುದ್ಧಿವಾದ ಹೇಳುವ ಬದಲು ಖಾನ್ ಸಾಹೇಬರ ಒಂದು ಠುಮರಿಯನ್ನು ಕೇಳಿಸಿ, ಈ ಕಥೆಯನ್ನು ಹೇಳಬಹುದು. ಊರು ಕಳೆದುಕೊಂಡವರು ಊರಿನ ದನಿಯನ್ನು ಉಳಿಸಿಕೊಂಡರು, ಮನೆಯಲ್ಲಿ ಮಗನಿಗೂ ಕಲಿಸಿದರು. ಊರನ್ನೇ ಕಳೆದುಕೊಳ್ಳದ ನಾವು ಅಷ್ಟನ್ನಾದರೂ ಮಾಡಬಾರದೇ?